ಅಪ್ಪಚ್ಚಿಯ ಎಚ್‌ಎಂಟಿ

ಕಳೆದ ಕೊನೆಕೊಯ್ಲಿನ ಹೊತ್ತಿಗೆ ಹೆಗಡೆಕಟ್ಟಾಕ್ಕೆ ಹೋಗಿದ್ದೆ. ಬೆಂಗಳೂರಿನಿಂದ ಅಪ್ಪಚ್ಚಿಯೂ ಬಂದಿದ್ದ. (ನಮ್ಮ ಕಡೆ ಚಿಕ್ಕಪ್ಪನಿಗೆ ಅಪ್ಪಚ್ಚಿ ಎನ್ನುತ್ತೇವೆ.) ಬೆಳಿಗ್ಗೆ ಆಸರಿ ಕುಡಿದು ಜಗುಲಿಯಲ್ಲಿ ಕವಳದ ಬಟ್ಟಲು ಎಳೆದುಕೊಂಡವನೇ ಅಪ್ಪನನ್ನು ಕೇಳಿದ, "ಅಣ್ಣಾ, ಇವತ್ತು ಕೀಲಿ ಕೊಟ್ಯಾ?"

ಅಪ್ಪ ಮಾತಾಡದೆ ಎಡಗೈ ಮುಂದೆ ಚಾಚಿದ. ಮಣಿಕಟ್ಟಿನಲ್ಲಿ ಹಳೆಯ ಎಚ್‌ಎಂಟಿ ಜನತಾ. ಬೆಲ್ಟು ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ, ಗಾಜಿಗೆ ಗೀರು ಬಿದ್ದಿದೆ, ಬಿಳಿಯ ಮುಖ ಹಳದಿಗೆ ತಿರುಗಿದೆ. ಆದರೆ ಕಿವಿಗೆ ಹಿಡಿದರೆ ಟಿಕ್ ಟಿಕ್ ಎನ್ನುತ್ತದೆ. ಅಪ್ಪಚ್ಚಿ ಕಾರ್ಖಾನೆ ಸೇರಿದ ಮೇಲೆ ಅಣ್ಣನಿಗೆ ತಂದುಕೊಟ್ಟ ವಾಚು ಅದು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಣ್ಣನ ಮಗಳೂ ಅಲ್ಲೇ ಕೂತಿದ್ದಳು. ಆರು ವರ್ಷದಲ್ಲಿ ಮೂರು ಕಂಪನಿ ಕಂಡವಳು. "ಅಜ್ಜ, ಮೂವತ್ನಾಲ್ಕು ವರ್ಷ ಒಂದೇ ಕಂಪನಿಯಲ್ಲಿ ಹೇಗೆ ಕೂತಿದ್ದೆ?" ಅಂತ ಕೇಳಿದಳು. ಅಪ್ಪಚ್ಚಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, "ಕೂತಿದ್ನಿಲ್ಲೆ ಕೂಸೆ, ಕೆಲ್ಸ ಮಾಡಿದ್ದಿ" ಅಂದ. ಜಗುಲಿಯಲ್ಲಿದ್ದವರೆಲ್ಲ ನಕ್ಕೆವು. ಆದರೆ ಅವಳ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಒಂದೇ ಕಂಪನಿಯಲ್ಲಿ ಇಡೀ ಆಯುಷ್ಯ ಕಳೆಯುವುದು ಆ ಕಾಲದವರ ಗುಣವೋ, ಆ ಕಾಲದ್ದೇ ಗುಣವೋ?

ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ. ಹಿಂದೂಸ್ತಾನ್ ಮಷಿನ್ ಟೂಲ್ಸ್ ಬೆಂಗಳೂರಿನಲ್ಲಿ ಹುಟ್ಟಿದ್ದು 1953ರಲ್ಲಿ. ಆಗ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳು ಮೈಸೂರು ರಾಜ್ಯದಲ್ಲಿ ಇರಲೇ ಇಲ್ಲ, ಮುಂಬೈ ರಾಜ್ಯಕ್ಕೆ ಸೇರಿದ್ದವು. ಊರು ಬಿಟ್ಟು ಹೋಗುವವನಿಗೆ ಕಾಣುತ್ತಿದ್ದದ್ದು ಹುಬ್ಬಳ್ಳಿ, ಧಾರವಾಡ, ಇನ್ನೂ ದೂರಕ್ಕೆ ಹಾರುವವನಿಗೆ ಮುಂಬೈ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಆಮೇಲೆ ಬೆಂಗಳೂರು ನಮಗೂ ರಾಜಧಾನಿಯಾಯಿತು. ಹಾವೇರಿಯವರೆಗೆ ಬಸ್ಸು, ಅಲ್ಲಿಂದ ಮೀಟರ್ ಗೇಜ್ ರೈಲು... ಅಪ್ಪಚ್ಚಿ ಮೊದಲ ಸಲ ಬೆಂಗಳೂರಿಗೆ ಹೋದದ್ದು ಹಾಗೆ, 1963ರಲ್ಲಿ.

ಹೋದದ್ದು ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತೋಟ ಒಂದು, ಗಂಡುಮಕ್ಕಳು ನಾಲ್ಕು. ಅಡಿಕೆ ತೋಟವನ್ನು ಕಾಗದದ ಮೇಲೆ ನಾಲ್ಕು ಪಾಲು ಮಾಡಬಹುದು. ಆದರೆ ಆ ಪಾಲಿನಲ್ಲಿ ನಾಲ್ಕು ಸಂಸಾರ ನಡೆಯಬೇಕಲ್ಲ? ಒಬ್ಬಿಬ್ಬರು ಹೊರಗೆ ಹೋದರೆ ಮಾತ್ರ ಉಳಿದವರಿಗೆ ತೋಟ. ಅಂದರೆ ಅಪ್ಪಚ್ಚಿ ಕಾರ್ಖಾನೆ ಸೇರಿದ್ದಕ್ಕೇ ನಮ್ಮಪ್ಪನಿಗೆ ತೋಟ ಉಳಿಯಿತು. ಇದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ವರ್ಷಾ ವರ್ಷ ಬೆಂಗಳೂರಿಗೆ ಅಡಿಕೆ, ಬೆಲ್ಲ, ಅಪ್ಪೆಮಿಡಿ ಹೋಗುವುದು ಮಾತ್ರ ತಪ್ಪಿದ್ದಿಲ್ಲ.

ಅವನು ಹೋಗುವ ಹೊತ್ತಿಗೆ ಎಚ್‌ಎಂಟಿಗೆ ಒಳ್ಳೆಯ ಕಾಲ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಲೇತ್ ಮಾಡುವುದರಿಂದ ಶುರುವಾದದ್ದು ಅದು. ಎಂ. ಕೆ. ಮತ್ತುಲ್ಲ ಅವರ ನೇತೃತ್ವದಲ್ಲಿ ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಮೊದಲ ಕಾರ್ಖಾನೆಯ ಲಾಭದಲ್ಲೇ ಎರಡನೆಯದನ್ನು ಕಟ್ಟಿದರು. ಸರ್ಕಾರಿ ಕಂಪನಿ ಅಂದರೆ ನಷ್ಟ ಅಂತ ಈಗ ಸಲೀಸಾಗಿ ಹೇಳುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚ್ ಫ್ಯಾಕ್ಟರಿ ಬಂತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದ್ದು ಸ್ವತಃ ಪ್ರಧಾನಿ ನೆಹರೂ. ಅಲ್ಲಿಯವರೆಗೆ ಕೈಗಡಿಯಾರ ಅಂದರೆ ಸ್ವಿಸ್ ಮಾಲು. ಒಂದೋ ದುಬಾರಿ, ಇಲ್ಲವೇ ಕಳ್ಳಸಾಗಣೆಯದು. ಕೈಗೆ ವಾಚು ಕಟ್ಟಿದವನು ಊರಿಗೆ ದೊಡ್ಡ ಮನುಷ್ಯ. ಆ ವಾಚನ್ನು ಮೇಷ್ಟರ ಕೈಗೆ, ಕಂಡಕ್ಟರನ ಕೈಗೆ, ಮದುವೆ ಗಂಡಿನ ಕೈಗೆ ತಂದದ್ದು ಎಚ್‌ಎಂಟಿ. ಹೆಸರೇ ನೋಡಿ, ಜನತಾ! ಆಮೇಲೆ ಪೈಲಟ್, ಕೋಹಿನೂರ್, ಸೋನಾ, ಕಾಂಚನ್... ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಅಳಿಯನಿಗೆ ಎಚ್‌ಎಂಟಿ, ನಿವೃತ್ತಿಯ ದಿನ ಹಾರ ಹಾಕಿ ಕೊಡುವುದೂ ಎಚ್‌ಎಂಟಿ. ಹಾಗೆ ಬೇರೆಯವರ ದೀರ್ಘ ಸೇವೆಗೆ ಉಡುಗೊರೆಯಾಗುವ ವಾಚನ್ನು ಕೂಡಿಸುತ್ತಾ ಅಪ್ಪಚ್ಚಿ ತನ್ನ ದೀರ್ಘ ಸೇವೆ ಮುಗಿಸಿದ!

ಅವನ ಕೆಲಸ ಅಸೆಂಬ್ಲಿಯಲ್ಲಿ. ಅದೇನೆಂದು ನನಗೆ ಅರ್ಥವಾದದ್ದು ಒಂದು ಬೇಸಿಗೆ ರಜೆಯಲ್ಲಿ, ಅವನು ನಮ್ಮ ಜಗುಲಿಯಲ್ಲೇ ಒಂದು ಹಳೇ ವಾಚನ್ನು ಬಿಚ್ಚಿ ತೋರಿಸಿದಾಗ. ಸುರುಳಿ ಸುತ್ತಿದ ಸ್ಪ್ರಿಂಗು ನಾವು ಬೆಳಿಗ್ಗೆ ಕೊಟ್ಟ ಕೀಲಿಯ ಬಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಒಂದೇ ಸಲ ಬಿಟ್ಟುಕೊಟ್ಟರೆ ಕ್ಷಣದಲ್ಲಿ ಖಾಲಿ. ಹಾಗಾಗದಂತೆ ಬ್ಯಾಲೆನ್ಸ್ ಚಕ್ರ ಆ ಕಡೆ ಈ ಕಡೆ ತೂಗುತ್ತಾ, ಬಲವನ್ನು ಅಳೆದಳೆದು ಬಿಡುತ್ತದೆ. ಸೆಕೆಂಡಿಗೆ ಐದು ಬಡಿತ. ದಿನಕ್ಕೆ 4,32,000. ವರ್ಷಕ್ಕೆ ಹದಿನೈದು ಕೋಟಿಗೂ ಮಿಕ್ಕಿ. ಇಷ್ಟು ಓಡಿದರೂ ಅಚ್ಚು ಸವೆಯದಿರಲಿ ಎಂದು ಹರಳುಗಳು, ಜನತಾದಲ್ಲಿ 17. ಚಿಮಟಿಗೆಯಲ್ಲಿ ಒಂದೊಂದೇ ಭಾಗ ಹಿಡಿದು ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೆ ಸ್ಕ್ರೂ ಹಾರಿಹೋಗುತ್ತದೆ. ಈ ಕೆಲಸದಲ್ಲಿ ಹೆಣ್ಣುಮಕ್ಕಳೇ ಬಹಳ ಜನ ಇದ್ದರಂತೆ. ಅವರ ಕೈ ಗಂಡಸರ ಕೈಗಿಂತ ಸ್ಥಿರ ಅಂತ ಅಪ್ಪಚ್ಚಿ ಇವತ್ತಿಗೂ ಒಪ್ಪುತ್ತಾನೆ. ನಮ್ಮ ಆಯಿಗೆ ಆ ಮಾತು ಭಾರೀ ಖುಷಿ.

ಬರೀ ಸಂಬಳವಷ್ಟೇ ಆಗಿದ್ದರೆ ಯಾರೂ ಮೂವತ್ನಾಲ್ಕು ವರ್ಷ ನಿಲ್ಲುತ್ತಿರಲಿಲ್ಲವೇನೋ. ಕಂಪನಿ ಅಂದರೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಆಟದ ಮೈದಾನ, ಕನ್ನಡ ಸಂಘ, ನಾಟಕ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ... ಸಾಫ್ಟ್‌ವೇರ್ ಬರುವ ಮೊದಲಿನ ಬೆಂಗಳೂರು ಅಂದರೆ ಈ ಕಾರ್ಖಾನೆಗಳ ಊರು. ಕಾರ್ಖಾನೆಯ ಸೈರನ್ನಿಗೆ, ಶಿಫ್ಟಿನ ಬಸ್ಸಿಗೆ ಆ ಊರು ಎದ್ದು ಮಲಗುತ್ತಿತ್ತು. 1980ರ ಡಿಸೆಂಬರಿನಲ್ಲಿ ಈ ಕಾರ್ಖಾನೆಗಳ ನೌಕರರು ಬಿಎಚ್‌ಇಎಲ್‌ಗೆ ಸಮನಾದ ವೇತನ ಬೇಕೆಂದು ಮುಷ್ಕರ ಹೂಡಿದರು. ಅದು ನಡೆದದ್ದು 77 ದಿನ. ಆ ವರ್ಷ ಊರಿಂದ ಹೋದದ್ದು ಅಪ್ಪೆಮಿಡಿ ಮಾತ್ರ ಅಲ್ಲ, ಅಕ್ಕಿ ಮೂಟೆಯೂ. ತೋಟ ಬಿಟ್ಟು ಹೋದವನನ್ನು ತೋಟ ಬಿಟ್ಟಿರಲಿಲ್ಲ.

ಇನ್ನು ಇಳಿಗಾಲದ ಕಥೆ. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಹೊಸೂರಿನಲ್ಲಿ ಟೈಟಾನ್ ಕಟ್ಟಿದರು. ಅವರು ಹಿಡಿದದ್ದು ಕ್ವಾರ್ಟ್ಜ್ ದಾರಿ. ಅದರಲ್ಲಿ ಸ್ಪ್ರಿಂಗಿಲ್ಲ, ತೂಗುವ ಚಕ್ರವಿಲ್ಲ. ಬ್ಯಾಟರಿಯ ಬಲದಿಂದ ಒಂದು ಹರಳಿನ ತುಣುಕು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಎಣಿಸಿ ಮುಳ್ಳು ಓಡುತ್ತದೆ. ಸೆಕೆಂಡಿಗೆ ಐದು ಎಲ್ಲಿ, ಮೂವತ್ತೆರಡು ಸಾವಿರ ಎಲ್ಲಿ! ನಿಖರತೆಯಲ್ಲಿ ಕೀಲಿ ವಾಚು ಇದರ ಹತ್ತಿರಕ್ಕೂ ಬರಲಾರದು. ಎಚ್‌ಎಂಟಿಯೂ ಕ್ವಾರ್ಟ್ಜ್ ವಾಚು ಮಾಡಿತು. ಆದರೆ ಅದರ ಯಂತ್ರ, ಜನ, ಹೆಮ್ಮೆ ಎಲ್ಲ ಇದ್ದದ್ದು ಕೀಲಿ ವಾಚಿನ ಮೇಲೆ. ಟೈಟಾನ್ ಚಂದದ ಅಂಗಡಿ ತೆರೆದು ವಾಚನ್ನು ಒಡವೆಯ ಹಾಗೆ ಮಾರಿತು. ಎಚ್‌ಎಂಟಿಗೆ ಗಿರಾಕಿಯೇ ಕಾದು ನಿಲ್ಲುವ ಕಾಲ ಅಭ್ಯಾಸವಾಗಿತ್ತು. 1991ರ ನಂತರ ಮಾರುಕಟ್ಟೆ ತೆರೆದುಕೊಂಡಿತು. ಅಪ್ಪಚ್ಚಿ ನಿವೃತ್ತನಾದದ್ದು 1997ರಲ್ಲಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಜಾಲಹಳ್ಳಿಯಲ್ಲಿ 2019ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಮನುಷ್ಯನ ಕಣ್ಣೆದುರೇ ಅವನ ಕೆಲಸದ ಜಾಗ ವಸ್ತುಸಂಗ್ರಹಾಲಯವಾಗುವುದೆಂದರೆ ಅದೊಂದು ವಿಚಿತ್ರ ಅನುಭವ ಇರಬೇಕು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಲೆಕ್ಕ ಹಾಕಿ ನೋಡಿದೆ. 1961ರಿಂದ 2016 ಅಂದರೆ 55 ವರ್ಷ. ವಾಚ್ ಫ್ಯಾಕ್ಟರಿಯ ಆಯುಷ್ಯವೇ ಅಷ್ಟು. ಅದರಲ್ಲಿ 34 ವರ್ಷ ಅಪ್ಪಚ್ಚಿ ಇದ್ದ. ಹಳಬರೆಲ್ಲ ಕಂಪನಿಗೆ ಅಂಟಿಕೊಂಡಿದ್ದರು, ಈಗಿನ ಹುಡುಗರಿಗೆ ನಿಷ್ಠೆಯಿಲ್ಲ ಅಂತ ನಾವು ಬೈಯುತ್ತೇವೆ. ನನಗೀಗ ಹಾಗನ್ನಿಸುವುದಿಲ್ಲ. ಒಂದೇ ಕಡೆ ನಿಲ್ಲುವುದಕ್ಕೆ ನಿಲ್ಲುವ ಮನಸ್ಸಿದ್ದರಷ್ಟೇ ಸಾಲದು, ನಿಲ್ಲಿಸಿಕೊಳ್ಳುವ ಜಾಗವೂ ಬೇಕು. ಪೈಪೋಟಿಯಿಲ್ಲದ ಮಾರುಕಟ್ಟೆ, ಕೈಹಿಡಿದು ನಡೆಸುವ ಸರ್ಕಾರ, ಕ್ವಾರ್ಟರ್ಸು ಕೊಡುವ ಕಂಪನಿ ಮೂರೂ ಕೂಡಿ ಬಂದ ಒಂದು ಕಾಲ ಅದು. ಒಂದು ತಲೆಮಾರಿನ ಮಟ್ಟಿಗೆ ಬಂತು, ಹೋಯಿತು. ಅಪ್ಪಚ್ಚಿ ಪುಣ್ಯವಂತ, ಆ ಕಾಲದೊಳಗೇ ತನ್ನ ಕೆಲಸ ಮುಗಿಸಿದ. ಅವನಿಗಿಂತ ಇಪ್ಪತ್ತು ವರ್ಷ ಆಮೇಲೆ ಸೇರಿದವರಿಗೆ ಅಷ್ಟೇ ನಿಷ್ಠೆಯಿತ್ತು, ಕಾಲ ಇರಲಿಲ್ಲ. ನೌಕರ ಕಂಪನಿಯನ್ನು ಬಿಡುವುದನ್ನೇ ದೊಡ್ಡದು ಮಾಡುತ್ತೇವೆ, ಕಂಪನಿಯೇ ನೌಕರನನ್ನು ಬಿಟ್ಟುಹೋಗುವುದೂ ಉಂಟು.

ಹಾಗಾದರೆ ಆ ಮೂವತ್ನಾಲ್ಕು ವರ್ಷ ಎಲ್ಲಿ ಹೋಯಿತು? ಊರಿಗೆ ಹೊರಡುವ ಮೊದಲು ಅಪ್ಪಚ್ಚಿಯನ್ನು ಮೆಲ್ಲಗೆ ಕೇಳಿದೆ, ಕಂಪನಿ ಮುಚ್ಚಿದ್ದಕ್ಕೆ ಬೇಜಾರಾಗುವುದಿಲ್ಲವೇ ಎಂದು. ಸ್ವಲ್ಪ ಹೊತ್ತು ತೋಟದ ಕಡೆ ನೋಡುತ್ತಾ ಕೂತ. ಆಮೇಲೆ, "ಆಗ್ತು ತಮಾ, ಆಗ್ದೇ ಇರ್ತಾ? ಕಂಪ್ನಿ ಹೋತು, ಖರೆ. ವಾಚು ನಡೀತಾ ಇದ್ದಲಾ" ಅಂದ.

ಒಳಗೆ ಅಪ್ಪ ಸ್ನಾನಕ್ಕೆ ಹೊರಟಿದ್ದ. ವಾಚು ಬಿಚ್ಚಿ ಮಾಡಿನಲ್ಲಿ, ದೇವರ ಪಟದ ಪಕ್ಕ ಇಟ್ಟ. ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಅಪ್ಪ ಅದನ್ನು ರಿಪೇರಿಗೆ ಕೊಟ್ಟಿಲ್ಲ. ದಿನಾ ಬೆಳಿಗ್ಗೆ ಕೀಲಿ ಕೊಡುವಾಗ ನಾಲ್ಕು ನಿಮಿಷ ಮುಂದೆ ತಿರುಗಿಸುತ್ತಾನೆ, ಅಷ್ಟೇ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಒಂದು ಎಚ್‌ಎಂಟಿ ನಿಂತುಹೋಗಿ ಬಿದ್ದಿರಬಹುದು. ಒಮ್ಮೆ ತೆಗೆದು ಕೀಲಿ ಕೊಟ್ಟು ನೋಡಿ. ಯಾರೋ ಉಸಿರು ಬಿಗಿಹಿಡಿದು ಕೂರಿಸಿದ ಚಕ್ರ ಅದು, ತಿರುಗಿದರೂ ತಿರುಗೀತು.