ಕಬ್ಬಿನ ಲೋಳೆ ಮತ್ತು ಕಡಲಿನ ಕಿಣ್ವ

ನಿಪ್ಪಾಣಿ ತಾಲ್ಲೂಕಿನ ಬೇಡಕಿಹಾಳವೂ ಸುತ್ತಲಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯೂ ಕಬ್ಬಿನ ನಾಡು. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಗೊಂಡ ಕಾರ್ಖಾನೆಯಿಂದ ಮೊದಲ್ಗೊಂಡು ಇಲ್ಲಿನ ಸಕ್ಕರೆಯ ಚರಿತ್ರೆಯನ್ನು ಬಂಡವಾಳ, ಸಹಕಾರ, ದರಗಳ ಮೂಲಕವೇ ಹೇಳುವುದು ವಾಡಿಕೆ. ಕಣ್ಣಿಗೆ ಕಾಣದ ಒಂದು ಜೀವಿಗೂ ಅದರಲ್ಲಿ ಪಾಲುಂಟು.

ಕಡಿದ ಕಬ್ಬು ಹೊಲದಲ್ಲೋ ಕಾರ್ಖಾನೆಯ ಅಂಗಳದಲ್ಲೋ ಕಾದು ನಿಂತಾಗ, ಕಡಿದ ತುದಿಯಿಂದ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳಸೇರುತ್ತದೆ. ಅದು ಸುಕ್ರೋಸನ್ನು ಒಡೆದು, ಅದರ ಗ್ಲೂಕೋಸನ್ನು ಪೋಣಿಸಿ ಡೆಕ್ಸ್ಟ್ರಾನ್ ಎಂಬ ಲೋಳೆಯನ್ನು ನಿರ್ಮಿಸುತ್ತದೆ. ರಸ ಮಂದವಾಗುತ್ತದೆ, ಸೋಸುವಿಕೆ ತಡೆಯುತ್ತದೆ, ಹರಳುಗಳು ಸೂಜಿಯಂತೆ ನೀಳವಾಗುತ್ತವೆ. ಈ ಲೋಳೆ ಸೂಕ್ಷ್ಮಜೀವಿಗಳ ಕೃತ್ಯವೆಂದು 1861ರಲ್ಲಿ ತೋರಿಸಿದವನು ಪಾಶ್ಚರ್. 1874ರಲ್ಲಿ ಶೈಬ್ಲರ್ ಅದಕ್ಕೆ ಹೆಸರಿಟ್ಟನು. 1878ರಲ್ಲಿ ವಾನ್ ಟೀಗೆಮ್ ಜೀವಿಯನ್ನು ನಾಮಕರಣ ಮಾಡಿದನು. ಬೆಳಕಿನ ತಲವನ್ನು ಬಲಕ್ಕೆ ತಿರುಗಿಸುವ ಗುಣವೇ ಡೆಕ್ಸ್ಟ್ರಾನಿನ ಹೆಸರಿಗೆ ಮೂಲ. ಅದೇ ಗುಣದಿಂದ ಪೋಲಾರಿಮೀಟರು ಕೆಟ್ಟ ರಸದಲ್ಲಿ ಇಲ್ಲದ ಸಕ್ಕರೆಯನ್ನು ತೋರಿಸುವುದೂ ಉಂಟು! ಸ್ವೀಡನ್ನಿನ ಉಪ್ಸಾಲಾದಲ್ಲಿ 1940ರ ದಶಕದಲ್ಲಿ ಇದೇ ಲೋಳೆಯಿಂದ ರಕ್ತದ್ರವದ ಬದಲಿ ಸಿದ್ಧವಾಯಿತೆಂಬುದು ಬೇರೆಯೇ ಕಥೆ.

ಡೆಕ್ಸ್ಟ್ರಾನನ್ನು ತುಂಡರಿಸುವ ಕಿಣ್ವ ಡೆಕ್ಸ್ಟ್ರನೇಸ್. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದನ್ನು ಹಳಸಿದ ಕಬ್ಬಿನ ರಸಕ್ಕೆ ಬಳಸಿ ನೋಡಿದರು. ಶಿಲೀಂಧ್ರಗಳಿಂದ ಪಡೆದ ಈ ಕಿಣ್ವಗಳು ಬಿಸಿರಸದಲ್ಲಿ ಚುರುಕಾಗುವಂಥವು. ಹಳದಿ ಸಮುದ್ರದ ತೀರದಲ್ಲಿ ದೊರೆತು 2011ರಲ್ಲಿ ವಿವರಿಸಲ್ಪಟ್ಟ ಕೆಟೆನೊವ್ಯುಲಮ್ ಕುಲದ ಬ್ಯಾಕ್ಟೀರಿಯಾಗಳಿಂದ ಚೀನದ ಸಂಶೋಧಕರು ಅನಂತರ ಶೀತಕ್ಕೆ ಹೊಂದಿಕೊಂಡ ಡೆಕ್ಸ್ಟ್ರನೇಸನ್ನು ಪಡೆದಿದ್ದಾರೆ. ಇಂಥ ಕಿಣ್ವಗಳ ರಚನೆ ಸಡಿಲವಾಗಿದ್ದು ತಂಪಿನಲ್ಲಿಯೂ ಬಾಗಬಲ್ಲುದು. ಆದಕಾರಣ ರಸವನ್ನು ಕಾಯಿಸುವ ಮುನ್ನವೇ ಲೋಳೆಯನ್ನು ಕತ್ತರಿಸುವ ಸಾಧ್ಯತೆ ತೋರುತ್ತದೆ. ಆದರೆ ಈ ಕಿಣ್ವಕ್ಕೆ ಒಗ್ಗುವುದು ಕಡಲಿನಂಥ ತುಸು ಕ್ಷಾರ; ಕಬ್ಬಿನ ರಸವೋ ಆಮ್ಲೀಯ, ಅದರ ಪಿಹೆಚ್ ಸುಮಾರು 5ರಿಂದ 5.5. ಈ ತೊಡಕನ್ನು ಲೆಕ್ಕಿಸದೆ ಸಮುದ್ರದ ಕಿಣ್ವವನ್ನು ಕೊಂಡಾಡುವುದು ಅವಸರವೆನಿಸುತ್ತದೆ.

ಇನ್ನೊಂದು ಮಾತನ್ನು ಗಮನಿಸಬೇಕು. ಕಿಣ್ವವು ಸರಪಳಿಯನ್ನು ತುಂಡರಿಸಬಲ್ಲುದೇ ಹೊರತು ಹೋದ ಸುಕ್ರೋಸನ್ನು ಮರಳಿ ಕೊಡಲಾರದು. 2009-10ರ ಹಂಗಾಮಿನಿಂದ ಜಾರಿಗೆ ಬಂದ ನ್ಯಾಯಸಮ್ಮತ ಮತ್ತು ಲಾಭದಾಯಕ ದರವು ಸಕ್ಕರೆ ಇಳುವರಿಗೆ ಕಟ್ಟಲ್ಪಟ್ಟಿದೆ. ತೂಕವಾಗುವುದು ಕಾರ್ಖಾನೆಯ ಕಾಟಾದ ಮೇಲೆ. ಅದಕ್ಕೆ ಮುನ್ನ ಕಬ್ಬು ಕಾದಷ್ಟು ಹೊತ್ತೂ ಒಣಗಿ ಇಳಿದ ತೂಕ ರೈತನ ಲೆಕ್ಕದಿಂದಲೇ ಕಳೆಯುತ್ತದೆ.