ಶಬರರ ನುಡಿ, ಗಿಡುಗು ಅವರ ಕಿವಿ

ಆಗಸ್ಟ್ 29 ಬಂತೆಂದರೆ ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಶಾಲೆ ಕಾಲೇಜುಗಳಲ್ಲಿ ಗಿಡುಗು ವೆಂಕಟ ರಾಮಮೂರ್ತಿಯವರ ಪಟಕ್ಕೆ ಹಾರ ಬೀಳುತ್ತದೆ. 1863ರಲ್ಲಿ ಅವರು ಹುಟ್ಟಿದ ದಿನ ಅದು. ಆಂಧ್ರದವರಿಗೆ ತೆಲುಗು ಭಾಷಾ ದಿನ. ಗ್ರಾಂಥಿಕದ ಹಿಡಿತ ಬಿಡಿಸಿ ಜನ ಆಡುವ ತೆಲುಗನ್ನು ಪುಸ್ತಕಕ್ಕೆ ತಂದ ಮಹನೀಯರು ಎಂದು ಭಾಷಣಗಳಾಗುತ್ತವೆ. ನಿಜವೇ. ಆದರೆ ಆ ಹೋರಾಟಕ್ಕೆ ಇಳಿಯುವ ಮೊದಲೇ ಅವರು ಬೇರೊಂದು ಭಾಷೆಗಾಗಿ ಕಾಡು ಅಲೆದಿದ್ದರು, ಆ ಅಲೆದಾಟ ಅವರ ಕಿವಿಯನ್ನೇ ತಿಂದುಹಾಕಿತು ಎಂದು ಹೇಳುವವರು ಕಡಿಮೆ. ಆ ಭಾಷೆಯನ್ನು ತೆಲುಗರು ಸವರ ಎನ್ನುತ್ತಾರೆ. ಆಡುವವರ ಬಾಯಲ್ಲಿ ಅದು ಸೋರಾ.

ನಾನು ಬಳ್ಳಾರಿಯವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಬ್ಯಾಂಕಿನ ನೌಕರಿ ನನ್ನನ್ನು ಪಾರ್ವತಿಪುರಕ್ಕೆ ತಂದು ಹಾಕಿತು. ನಿವೃತ್ತಿಯಾದ ಮೇಲೆ ವಿಶಾಖಪಟ್ಟಣದಲ್ಲೇ ನೆಲೆ ನಿಂತೆ. ಪಾರ್ವತಿಪುರದ ಲೆಡ್ಜರು ತೆರೆದರೆ ಸವರ ಸೋಮಯ್ಯ, ಸವರ ಮಂಗಮ್ಮ, ಮತ್ತೆ ಸವರ ಸೋಮಯ್ಯ. ಮನೆತನದ ಹೆಸರಿರಬೇಕಾದಲ್ಲಿ ಕುಲದ ಹೆಸರು, ಎಷ್ಟೋ ಜನರಿಗೆ ಸ್ವಂತ ಹೆಸರಿನ ಜಾಗದಲ್ಲಿ ಹುಟ್ಟಿದ ವಾರ. ಕೌಂಟರಿನ ಆಚೆ ನಿಂತು ಅವರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತು ಮಾತ್ರ ಕನ್ನಡಕ್ಕೂ ತೆಲುಗಿಗೂ ದೂರ. ಪದದ ಕೊನೆ ಗಂಟಲಲ್ಲೇ ತಟ್ಟನೆ ತಡೆದು ನಿಲ್ಲುತ್ತಿತ್ತು. ಅದನ್ನು ಕೇಳಿಸಿಕೊಂಡ ಮೇಲೆಯೇ ನಾನು ಗಿಡುಗು ಅವರ ಸೋರಾ ಪುಸ್ತಕಗಳನ್ನು ಹುಡುಕಿ ಓದತೊಡಗಿದ್ದು.

ವಂಶಧಾರಾ ನದಿಯ ಕಡೆಯ ಪರ್ವತಾಲಪೇಟ ಅವರ ಊರು. ಚಿಕ್ಕವರಿರುವಾಗಲೇ ತಂದೆ ತೀರಿಕೊಂಡರು. ವಿಜಯನಗರಂನಲ್ಲಿ ಓದುವಾಗ ಮುಂದೆ ತೆಲುಗು ಸಾಹಿತಿಯಾದ ಗುರಜಾಡ ಅಪ್ಪಾರಾವ್ ಸಹಪಾಠಿ. 1880ರಲ್ಲಿ ಪರ್ಲಾಕಿಮಿಡಿಯ ರಾಜರ ಶಾಲೆಯಲ್ಲಿ ಮೇಷ್ಟರಾದರು. ಆ ಊರಿನ ಸಂತೆಗೆ ಬೆಟ್ಟದಿಂದ ಸೋರಾ ಜನ ಇಳಿದು ಬರುತ್ತಿದ್ದರು. ಅವರ ಭಾಷೆಗೆ ಲಿಪಿಯಿಲ್ಲ, ವ್ಯಾಕರಣವಿಲ್ಲ, ಕಲಿಸುವ ಗುರುವಿಲ್ಲ. ರಾಮಮೂರ್ತಿ ಎರಡೂ ಭಾಷೆ ಬಲ್ಲ ಒಬ್ಬನನ್ನು ಮನೆಯಲ್ಲೇ ಇಟ್ಟುಕೊಂಡು ಕಲಿತರು. ಆಮೇಲೆ ತಾವೇ ಬೆಟ್ಟ ಹತ್ತಿದರು. ಮಲೇರಿಯಾ ಹಿಡಿಯಿತು. ಕ್ವಿನೈನ್ ನುಂಗಿ ನುಂಗಿ ಕಿವಿ ಮಂದವಾಯಿತು. ಕಿವಿಯಿಂದಲೇ ಕಲಿಯಬೇಕಾದ ಭಾಷೆಗೆ ಕಿವಿಯನ್ನೇ ತೆತ್ತ ಮನುಷ್ಯ. ಇದನ್ನು ನೆನೆದಾಗಲೆಲ್ಲ ನನ್ನ ಕೈ ತಾನಾಗಿ ಮುಗಿಯುತ್ತದೆ. ಸೋರಾ ಮಕ್ಕಳಿಗಾಗಿ ತೆಲುಗು ಲಿಪಿಯಲ್ಲಿ ಪಾಠದ ಪುಸ್ತಕ ಬರೆದರು. ಮದರಾಸು ಸರ್ಕಾರ ಅದಕ್ಕೆ ಸಂಭಾವನೆ ಕೊಡಲು ಬಂದಾಗ ಹಣ ಮುಟ್ಟದೆ, ಅದರಲ್ಲಿ ಅವರಿಗೊಂದು ಒಳ್ಳೆಯ ಶಾಲೆ ನಡೆಸಿರಿ ಎಂದರು.

ಶಾಲಾ ಇನ್‌ಸ್ಪೆಕ್ಟರ್ ಯೇಟ್ಸ್ ಜೊತೆ ಸೇರಿ ಆಡುನುಡಿಯ ಪರ ಅವರು ದನಿಯೆತ್ತಿದ್ದು 1907ರ ಸುಮಾರಿಗೆ, ಸೋರಾ ಕೆಲಸ ಶುರುವಾಗಿ ಎಷ್ಟೋ ವರ್ಷಗಳ ಮೇಲೆ. ಈ ಹಿಂದುಮುಂದು ನನಗೆ ಬಹಳ ಮುಖ್ಯ. ಬರಹವೇ ಇಲ್ಲದ ಭಾಷೆಯಲ್ಲಿ ಸರಿತಪ್ಪು ಹೇಳುವ ಪಂಡಿತನಿರುವುದಿಲ್ಲ, ಆಡುವವನ ಬಾಯೇ ಪ್ರಮಾಣ. ಈ ಪಾಠವನ್ನು ರಾಮಮೂರ್ತಿ ಬೆಟ್ಟದಲ್ಲಿ ಕಲಿತು ಬಯಲಿಗೆ ತಂದರು ಎಂದೇ ನನ್ನ ನಂಬಿಕೆ. ತೆಲುಗು ತನ್ನ ಹೊಸ ಬರಹದ ಬಹುಪಾಲು ಋಣವನ್ನು ಸೋರಾ ಜನರಿಗೆ ಸಲ್ಲಿಸಬೇಕು.

ಅವರ ಸೋರಾ ಕೈಪಿಡಿಯನ್ನು ಮದರಾಸು ಸರ್ಕಾರ 1931ರಲ್ಲಿ ಅಚ್ಚು ಹಾಕಿತು; ಸೋರಾ-ಇಂಗ್ಲಿಷ್ ನಿಘಂಟು ಬಂದದ್ದು 1938ರಲ್ಲಿ. ಕೈಪಿಡಿಯಲ್ಲಿ ಒಂದು ಮಾತಿದೆ: ‘ಞಮ್‌ಕಿಡ್‌ತಮ್’. ಹುಲಿ ನಿನ್ನನ್ನು ಹಿಡಿದೀತು ಎಂದು ಅರ್ಥ. ಇಡೀ ವಾಕ್ಯ ಒಂದೇ ಪದ. ಬಿಡಿಯಾಗಿ ಹೇಳುವಾಗ ಹುಲಿಗೆ ‘ಕಿನಾ’. ಕ್ರಿಯಾಪದದ ಹೊಟ್ಟೆ ಸೇರುವಾಗ ಅದು ಮೈ ಕುಗ್ಗಿಸಿಕೊಂಡು ‘ಕಿಡ್’ ಆಗುತ್ತದೆ. ಹೀಗೆ ನೂರಾರು ನಾಮಪದಗಳಿಗೆ ಉದ್ದದ್ದೊಂದು, ಗಿಡ್ಡದ್ದೊಂದು ರೂಪ. ಲೆಕ್ಕವಂತೂ ನನ್ನಂಥ ಬ್ಯಾಂಕಿನವನಿಗೆ ಹಬ್ಬ. ಹನ್ನೆರಡರವರೆಗೆ ಎಣಿಸಿ, ಹದಿಮೂರಕ್ಕೆ ಹನ್ನೆರಡು-ಒಂದು ಎನ್ನುತ್ತಾರೆ: ‘ಮಿಗ್ಗಲ್ ಅಬೊಯ್’. ಇಪ್ಪತ್ತು ಬಂದರೆ ಕೋಡಿ. 93 ಎನ್ನಲು ‘ಉಂಜಿ ಕೋಡಿ ಮಿಗ್ಗಲ್ ಅಬೊಯ್’, ಅಂದರೆ ನಾಲ್ಕು ಇಪ್ಪತ್ತು, ಹನ್ನೆರಡು, ಒಂದು. ಹನ್ನೆರಡೂ ಇಪ್ಪತ್ತೂ ಒಂದೇ ಲೆಕ್ಕದಲ್ಲಿ ಹೀಗೆ ಕೈಹಿಡಿದು ನಡೆಯುವುದು ಲೋಕದ ಭಾಷೆಗಳಲ್ಲಿ ತೀರ ಅಪರೂಪ.

ಈ ಜನರ ಹೆಸರು ನಮಗೆ ಹೊಸದಲ್ಲ; ಸವರ ಎಂದರೆ ಹಳೆಯ ಗ್ರಂಥಗಳ ಶಬರವೇ. ಐತರೇಯ ಬ್ರಾಹ್ಮಣದಲ್ಲಿ ವಿಶ್ವಾಮಿತ್ರನ ಶಾಪಕ್ಕೆ ಗುರಿಯಾದ ಮಕ್ಕಳ ಸಂತತಿಯೆಂದು ಆಂಧ್ರರನ್ನೂ ಶಬರರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿದ್ದಾರೆ. ನಮ್ಮ ಆನೆಗುಂದಿಯ ಪಂಪಾ ಸರೋವರದ ಬಳಿ ಶಬರಿಯ ಗುಹೆ ತೋರಿಸುತ್ತಾರೆ. ವಿಜಯವಾಡದ ಇಂದ್ರಕೀಲಾದ್ರಿಯಲ್ಲಿ ಅರ್ಜುನ ತಪಸ್ಸು ಮಾಡಿದ, ಶಿವ ಬೇಡನಾಗಿ ಬಂದು ಕಾದಿದ, ಆ ವಿಜಯನಿಂದಲೇ ಊರಿಗೆ ಹೆಸರು ಬಂತು ಎಂಬುದು ಸ್ಥಳದ ನಂಬಿಕೆ. ಅದೇ ಕಥೆಯನ್ನು ಹದಿನೇಳನೆಯ ಶತಮಾನದಲ್ಲಿ ಕನ್ನಡದಲ್ಲಿ ಹೇಳಿದ ಷಡಕ್ಷರದೇವ ಕಾವ್ಯಕ್ಕಿಟ್ಟ ಹೆಸರು ‘ಶಬರಶಂಕರವಿಳಾಸ’. ಶಬರನ ವೇಷವನ್ನು ದೇವರಿಗೇ ತೊಡಿಸಿದೆವು. ಶಬರನ ಮಾತನ್ನು ಕೇಳಲು ಮಾತ್ರ ಪರ್ಲಾಕಿಮಿಡಿಯ ಮೇಷ್ಟರು ಬರಬೇಕಾಯಿತು.

ಸೋರಾದ ನೆಂಟಸ್ತಿಕೆ ಇನ್ನೂ ದೂರದ್ದು. ಸಂತಾಲಿ, ಮುಂಡಾರಿ ಅದರ ಹತ್ತಿರದ ಬಳಗ. ಖಾಸಿ, ನಿಕೋಬಾರಿ, ಖ್ಮೇರ್, ವಿಯೆಟ್ನಾಮಿ ದೂರದ ಬಳಗ. 1906ರಲ್ಲಿ ವಿಲ್ಹೆಲ್ಮ್ ಶ್ಮಿಟ್ ಎಂಬ ಪಾದ್ರಿ ಪಂಡಿತ ಇನ್ನೊಂದು ಹೆಜ್ಜೆ ಇಟ್ಟು, ಈ ಕುಟುಂಬವನ್ನು ಜಾವಾದಿಂದ ಫಿಜಿ, ಸಮೋವಾ, ಹವಾಯಿವರೆಗಿನ ಸಾಗರದ್ವೀಪಗಳ ಭಾಷೆಗಳಿಗೆ ಜೋಡಿಸಿದರು. ಧಾತುವಿನ ನಡುವೆಯೇ ಒಂದು ಅಕ್ಷರ ತುರುಕಿ ಹೊಸ ಪದ ಮಾಡುವ ಪದ್ಧತಿ ಎರಡೂ ಕಡೆ ಇದೆ ಎಂಬುದು ಅವರ ದೊಡ್ಡ ಆಧಾರ. ಭಾಷಾವಿದ್ವಾಂಸರು ಈ ನಂಟನ್ನು ಇಂದಿಗೂ ಒಮ್ಮತದಿಂದ ಒಪ್ಪಿಲ್ಲ.

1936ರ ಏಪ್ರಿಲ್‌ನಲ್ಲಿ ಒರಿಸ್ಸಾ ಪ್ರಾಂತ ಹುಟ್ಟಿದಾಗ ಪರ್ಲಾಕಿಮಿಡಿ ಅದಕ್ಕೆ ಸೇರಿತು. ಮುಪ್ಪಿನಲ್ಲಿ ರಾಮಮೂರ್ತಿ ಊರು ಬಿಟ್ಟು ರಾಜಮಹೇಂದ್ರಿಗೆ ಬಂದರು. 1940ರ ಜನವರಿ 22ರಂದು ತೀರಿಕೊಂಡರು. ಪ್ರಾಂತ ಒಡೆದಾಗ ಸೋರಾ ಜನರ ಬೆಟ್ಟಗಳ ಮೇಲೂ ಗಡಿ ಬಿದ್ದಿತ್ತು. ಅದೇ 1936ರ ಜೂನ್‌ನಲ್ಲಿ ಮಂಗೈ ಗೊಮಾಂಗೊ ಎಂಬ ಸೋರಾ ಗುರು ತಮ್ಮ ಭಾಷೆಗೆಂದೇ ಸೊರಾಂಗ್ ಸೊಂಪೆಂಗ್ ಲಿಪಿಯನ್ನು ಕಂಡುಕೊಂಡರು. ಅನುಯಾಯಿಗಳಿಗೆ ಅದರ ಅಕ್ಷರಗಳೇ ದೇವರು. 2012ರಲ್ಲಿ ಅದು ಯೂನಿಕೋಡಿಗೂ ಸೇರಿತು. ಈಗ ಆಂಧ್ರದಲ್ಲಿ ತೆಲುಗು ಲಿಪಿ, ಆಚೆ ಒಡಿಯಾ, ಚರ್ಚಿನಲ್ಲಿ ರೋಮನ್, ಜೊತೆಗೆ ಇದೊಂದು. ನಾಲ್ಕು ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಜನರ ಭಾಷೆಗೆ ನಾಲ್ಕು ಬಗೆಯ ಬರಹ.

ಹೆಸರಿನ ವಿಚಾರಕ್ಕೆ ಬರುತ್ತೇನೆ. ವಾರದ ಹೆಸರು ಲೆಡ್ಜರಿಗೆ ಸಾಕು. ಅವರ ಹಳೆಯ ಕ್ರಮ ಬೇರೆ. ಸತ್ತವರನ್ನು ಅವರು ಸೋನುಮ್ ಎನ್ನುತ್ತಾರೆ. ಕುರಾನ್ ಎಂಬ ಪೂಜಾರಿ, ಹೆಚ್ಚಾಗಿ ಹೆಂಗಸು, ಮೈದುಂಬಿದಾಗ ಸತ್ತವರು ಆಕೆಯ ಬಾಯಲ್ಲಿ ಮಾತಾಡುತ್ತಾರೆ. ಮನೆಯವರು ಎದುರು ಕೂತು ಅಳುತ್ತಾರೆ, ಜಗಳವಾಡುತ್ತಾರೆ, ಲೆಕ್ಕ ಕೇಳುತ್ತಾರೆ. ವರ್ಷಗಳು ಕಳೆದು ಸಿಟ್ಟು ಸಂಕಟವೆಲ್ಲ ಇಳಿದ ಮೇಲೆ ಆ ಹಿರಿಯ ಜೀವ ತನ್ನ ಹೆಸರನ್ನು ಮನೆಯ ಕೂಸಿಗೆ ಕೊಡುತ್ತದೆ. ಆಮೇಲೆ ಪಾತಾಳದಲ್ಲಿ ಎರಡನೆಯ ಸಾವು ಸತ್ತು ಚಿಟ್ಟೆಯಾಗುತ್ತದೆ. ಅಲ್ಲಿಗೆ ಮಾತು ಮುಗಿಯಿತು. 1970ರ ದಶಕದಿಂದ ಸೋರಾ ಹಳ್ಳಿಗಳಲ್ಲಿ ಇದ್ದು ಬಂದ ಮಾನವಶಾಸ್ತ್ರಜ್ಞ ಪಿಯರ್ಸ್ ವಿಟೆಬ್ಸ್ಕಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಮುಂದಿನ ತಲೆಮಾರು ಬ್ಯಾಪ್ಟಿಸ್ಟ್ ಸಭೆಗೆ ಸೇರಿದಾಗ ಈ ಮಾತುಕತೆ ನಿಂತದ್ದನ್ನೂ ಅವರೇ ದಾಖಲಿಸಿದ್ದಾರೆ. ಸತ್ತವರ ಜೊತೆ ಮಾತು ನಿಂತ ಊರಿನಲ್ಲಿ ಅವರಿಂದ ಹೆಸರು ಬರುವ ದಾರಿಯೂ ಮುಚ್ಚುತ್ತದೆ.

ಯಾರು ಯಾವ ದೇವರನ್ನು ಹಿಡಿಯಬೇಕೆಂದು ಹೇಳಲು ನಾನು ಯಾರೂ ಅಲ್ಲ. ನನ್ನ ಬೇಡಿಕೆ ಬೇರೆ. 1938ರ ಆ ನಿಘಂಟನ್ನು ತೆಲುಗು ಲಿಪಿಗೆ ಇಳಿಸಿ, ಅಗ್ಗದ ಬೆಲೆಗೆ ಅಚ್ಚು ಹಾಕಿ, ಪಾರ್ವತಿಪುರ, ಸೀತಂಪೇಟೆಯ ಆಶ್ರಮ ಶಾಲೆಗಳಲ್ಲಿ ಓದುವ ಸವರ ಸೋಮಯ್ಯಂದಿರ ಕೈಗೆ ಕೊಡಿ.