ಹಿಡಿ ಹಿಟ್ಟು, ತುಸು ಎಣ್ಣೆ: ಸರೆಪ್ತದ ವಿಧವೆಯ ಕಥೆಯನ್ನು ಬಿನ್ನಿಪೇಟೆಯಲ್ಲಿ ಓದಿದಾಗ

ದಾನದ ಕುರಿತು ಪ್ರಬೋಧನೆ ನೀಡಬೇಕಾದಾಗ ನಮ್ಮ ಧರ್ಮಗುರುಗಳೂ ಉಪದೇಶಿಗಳೂ ಮತ್ತೆ ಮತ್ತೆ ಕೈಗೆತ್ತಿಕೊಳ್ಳುವ ಕಥೆ ಸರೆಪ್ತದ ವಿಧವೆಯದು (1 ಅರಸು 17:8-16). ಪೂಜಾವಿಧಿಯ 'ಬಿ' ವರ್ಷದಲ್ಲಿ, ಸಾಧಾರಣ ಕಾಲದ 32ನೇ ಭಾನುವಾರ, ಬಡ ವಿಧವೆಯ ಎರಡು ಕಾಸಿನ ಶುಭಸಂದೇಶದ ಜೊತೆಗೆ (ಮಾರ್ಕ 12:38-44) ಇದನ್ನು ಓದುತ್ತೇವೆ. 2024ರ ನವೆಂಬರ್ 10ರಂದು ಇದರ ಸರದಿ ಬಂದಿತ್ತು. ಮುಂದಿನ ಸರದಿ 2027ರ ನವೆಂಬರ್ 7ರಂದು. ಚರ್ಚ್ ಕಟ್ಟಡದ ನಿಧಿ, ವಾರ್ಷಿಕ ಹಬ್ಬದ ವಂತಿಗೆ, ಮಿಷನ್ ಭಾನುವಾರದ ಕಾಣಿಕೆ ಇವುಗಳಿಗೂ ಈ ಕಥೆ ಒದಗಿ ಬರುತ್ತದೆ. ಒದಗಿ ಬರುವ ರೀತಿ ಸರಿಯೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಧರ್ಮಕೇಂದ್ರದ ಸೇವೆಯಲ್ಲಿರುವವರಿಗೆ ಉಪಯೋಗವಾಗಲೆಂದು ಕಥೆಯ ಹಿನ್ನೆಲೆ, ಅರ್ಥ ಮತ್ತು ಅನ್ವಯಗಳನ್ನು ಕ್ರಮವಾಗಿ ಕೊಟ್ಟಿದ್ದೇವೆ.

ಹಿನ್ನೆಲೆ

ಕ್ರಿಸ್ತಪೂರ್ವ 9ನೇ ಶತಮಾನ. ಇಸ್ರಯೇಲಿನ ಅರಸ ಅಹಾಬ ಸಿದೋನಿನ ಅರಸನ ಮಗಳು ಈಜೆಬೆಲಳನ್ನು ಮದುವೆಯಾಗಿದ್ದ (1 ಅರಸು 16:31). ಆಕೆಯೊಂದಿಗೆ ಬಾಳ್ ದೇವತೆಯ ಆರಾಧನೆಯೂ ಅರಮನೆ ಸೇರಿತು. ಬಾಳನು ಮಳೆ ಕೊಡುವವನು, ಬೆಳೆ ಕೊಡುವವನು ಎಂದು ಜನ ನಂಬಿದ್ದರು. ಪ್ರವಾದಿ ಎಲೀಯ ಮಳೆ ನಿಲ್ಲುವುದೆಂದು ಸಾರಿದ. ಮಳೆ ನಿಂತಿತು. ಅವನು ಅಡಗಿದ್ದ ಕೆರೀತ್ ಹಳ್ಳವೂ ಬತ್ತಿತು. ಆಗ ಸರ್ವೇಶ್ವರ ಅವನನ್ನು ಕಳುಹಿಸಿದ್ದು ಈಜೆಬೆಲಳ ತವರು ಸೀಮೆಗೇ. ಸಿದೋನಿಗೆ ಸೇರಿದ ಸರೆಪ್ತ ಎಂಬ ಊರಿಗೆ.

ಸರೆಪ್ತ ಇಂದಿನ ಲೆಬನಾನಿನ ಸರಫಂದ್. ಟೈರ್ ಮತ್ತು ಸಿದೋನ್ ನಗರಗಳ ನಡುವಿನ ಕಡಲತೀರದ ಊರು. 1969ರಿಂದ 1974ರವರೆಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಪ್ರಿಚರ್ಡ್ ಅಲ್ಲಿ ಉತ್ಖನನ ನಡೆಸಿದರು. ಕುಂಬಾರರ ಕೇರಿಯೊಂದು, ಮಡಕೆ ಸುಡುವ ಹಲವು ಆವಿಗೆಗಳು ಬೆಳಕಿಗೆ ಬಂದವು. ಅಂದರೆ ಮಡಕೆಗೆ ಬರವಿಲ್ಲದ ಊರು ಅದು. ಬರವಿದ್ದದ್ದು ಮಡಕೆಯೊಳಗಿನ ಹಿಟ್ಟಿಗೆ.

ಊರ ಬಾಗಿಲಲ್ಲಿ ವಿಧವೆಯೊಬ್ಬಳು ಸೌದೆ ಆರಿಸುತ್ತಿದ್ದಾಳೆ. ಎಲೀಯ ಮೊದಲು ಕೇಳುವುದು ಕುಡಿಯಲು ನೀರು. ಬರಗಾಲದಲ್ಲಿ ನೀರೇ ದೊಡ್ಡದು. ಆದರೂ ಆಕೆ ಮರುಮಾತಿಲ್ಲದೆ ತರಲು ಹೊರಡುತ್ತಾಳೆ. ಆಮೇಲೆ ಅವನು ಒಂದು ತುತ್ತು ರೊಟ್ಟಿ ಕೇಳುತ್ತಾನೆ. ಆಗ ಆಕೆ ಮನೆಯ ಸ್ಥಿತಿಯನ್ನು ಬಿಚ್ಚಿಡುತ್ತಾಳೆ: ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ, ಅದನ್ನು ಸುಟ್ಟು ತಾನೂ ಮಗನೂ ತಿಂದು ಸಾಯುವುದಷ್ಟೇ ಉಳಿದಿರುವುದು. ಭಯಪಡಬೇಡ, ಮೊದಲು ನನಗೊಂದು ಸಣ್ಣ ರೊಟ್ಟಿ ಮಾಡು, ಆಮೇಲೆ ನಿನಗೂ ಮಗನಿಗೂ ಮಾಡಿಕೋ ಎನ್ನುತ್ತಾನೆ ಎಲೀಯ. ಮಳೆ ಬರುವ ದಿನದವರೆಗೆ ಹಿಟ್ಟೂ ಎಣ್ಣೆಯೂ ತೀರದು ಎಂಬ ದೇವರ ಮಾತನ್ನೂ ತಿಳಿಸುತ್ತಾನೆ. ಆಕೆ ಹಾಗೆಯೇ ಮಾಡುತ್ತಾಳೆ. ಮೂವರೂ ಬಹುದಿನ ಉಣ್ಣುತ್ತಾರೆ.

ಗಮನಿಸಬೇಕಾದ ನಾಲ್ಕು ಸಂಗತಿಗಳು

1. ಮನೆಯೊಳಗಿರುವ ಮೂವರು ಯಾರು? ಮೋಶೆಯ ಧರ್ಮಶಾಸ್ತ್ರ ಮೂವರನ್ನು ಮತ್ತೆ ಮತ್ತೆ ಹೆಸರಿಸಿ ಕಾಪಾಡುತ್ತದೆ: ವಿಧವೆ, ತಂದೆಯಿಲ್ಲದ ಮಗು, ಪರದೇಶಿ. ಹೊಲದಲ್ಲಿ ಮರೆತುಬಂದ ಸಿವುಡು ಇವರ ಪಾಲು (ಧರ್ಮೋಪದೇಶಕಾಂಡ 24:17-22). ಸರೆಪ್ತದ ಆ ಮನೆಯಲ್ಲಿ ಈ ಮೂವರೂ ಒಂದೇ ಒಲೆಯ ಮುಂದೆ ಕುಳಿತಿದ್ದಾರೆ. ಪರದೇಶಿಯಾಗಿ ಬಂದಿರುವವನು ಸ್ವತಃ ಪ್ರವಾದಿ. ಇಲ್ಲಿ ಶ್ರೀಮಂತ ದಾನಿ ಇಲ್ಲವೇ ಇಲ್ಲ.

2. ಕೇಳಿದವನೂ ಹಸಿದಿದ್ದ. ಎಲೀಯ ಒಂದು ಪೀಠದಿಂದ ಕಾಣಿಕೆ ಕೇಳಿದವನಲ್ಲ. ಅರಸನಿಗೆ ಹೆದರಿ ಓಡಿಬಂದು, ನೀರಿಲ್ಲದೆ ಬಸವಳಿದವನು. ಸಿಕ್ಕಿದ ರೊಟ್ಟಿಯನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಲಿಲ್ಲ. ಅದೇ ಮನೆಯ ಮಾಳಿಗೆಯಲ್ಲಿ ಉಳಿದ. ಹಿಟ್ಟು ತೀರಿದ್ದರೆ ಅವನೂ ಅವರೊಡನೆ ಉಪವಾಸ ಬೀಳುತ್ತಿದ್ದ.

3. ಮಡಕೆ ತುಂಬಿ ತುಳುಕಲಿಲ್ಲ. ಕಣಜ ತುಂಬಿತೆಂದು ಗ್ರಂಥ ಹೇಳುವುದಿಲ್ಲ. ಬರಿದಾಗಲಿಲ್ಲ ಎಂದಷ್ಟೇ ಹೇಳುತ್ತದೆ. ಮರಳುಗಾಡಿನ ಮನ್ನಾ ಹೇಗೆ ಆಯಾ ದಿನಕ್ಕೆ ಸಾಕಾಗುವಷ್ಟೇ ದೊರೆಯಿತೋ (ವಿಮೋಚನಕಾಂಡ 16), ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಅನುದಿನದ ಆಹಾರವನ್ನೇ ಹೇಗೆ ಬೇಡುತ್ತೇವೆಯೋ, ಹಾಗೆ. ಅದಕ್ಕೂ ಗಡುವಿದೆ: ಮಳೆ ಬರುವ ತನಕ.

4. ಕಥೆ 16ನೇ ವಚನಕ್ಕೆ ಮುಗಿಯುವುದಿಲ್ಲ. ಮುಂದಿನ ವಚನದಲ್ಲೇ ಆಕೆಯ ಮಗ ಕಾಯಿಲೆ ಬಿದ್ದು ಉಸಿರು ನಿಲ್ಲಿಸುತ್ತಾನೆ. ಆಕೆ ಎಲೀಯನನ್ನು ನೇರವಾಗಿ ದೂರುತ್ತಾಳೆ. ಎಲೀಯ ಆಕೆಗೆ ಉಪದೇಶ ಮಾಡುವುದಿಲ್ಲ, ವಿಶ್ವಾಸ ಸಾಲದೆಂದು ಗದರುವುದಿಲ್ಲ. ಮಗುವನ್ನು ಎತ್ತಿಕೊಂಡು ಹೋಗಿ ಆಕೆಯ ದೂರನ್ನು ತನ್ನದಾಗಿಸಿಕೊಂಡು ದೇವರ ಮುಂದೆ ಮೊರೆಯಿಡುತ್ತಾನೆ. ಮಗು ಬದುಕಿದ ಮೇಲಷ್ಟೇ ಆಕೆ ಅವನ ಬಾಯಲ್ಲಿರುವ ದೇವರ ಮಾತು ಸತ್ಯವೆಂದು ಒಪ್ಪುತ್ತಾಳೆ (17:24). ಅದಕ್ಕೂ ಮೊದಲು ಆಕೆ ಸರ್ವೇಶ್ವರನನ್ನು ಎಲೀಯನ ದೇವರೆಂದೇ ಕರೆದಿದ್ದಳು (17:12).

ಬಿನ್ನಿಪೇಟೆಯಲ್ಲಿ ಈ ಕಥೆ

ಕರಾವಳಿಯ ನಮ್ಮ ಅನೇಕ ಕುಟುಂಬಗಳ ಮಕ್ಕಳು ದುಡಿಮೆಗಾಗಿ ಬೆಂಗಳೂರು ಸೇರಿದ್ದಾರೆ. ಆ ನಗರದ ಪಶ್ಚಿಮಕ್ಕೆ, ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವೆ ಬಿನ್ನಿಪೇಟೆ ಇದೆ. ಹೆಸರು ಬಂದದ್ದು ಗಿರಣಿಯಿಂದ. 1884ರಲ್ಲಿ ಆರಂಭವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಮುಂದೆ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು. ನಮ್ಮ ಮಂಗಳೂರಿಗೆ ಹಂಚಿನ ಕಾರ್ಖಾನೆಗಳು ಹೇಗೋ ಆ ಪೇಟೆಗೆ ಈ ಗಿರಣಿ ಹಾಗೆ.

ಗಿರಣಿ ಶುರುವಾದ ಕಾಲವನ್ನು ಗಮನಿಸಬೇಕು. ಅದಕ್ಕೆ ಕೆಲವೇ ವರ್ಷ ಹಿಂದೆ, 1876-78ರಲ್ಲಿ, ಮೈಸೂರು ಸೀಮೆ ಮಹಾಕ್ಷಾಮಕ್ಕೆ ಸಿಕ್ಕಿತ್ತು. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರದಿಂದಾಗಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಂದೆತಾಯಿ ಕಳೆದುಕೊಂಡ ಮಕ್ಕಳಿಗಾಗಿ ಕಥೋಲಿಕ ಮಿಷನರಿಗಳು ನೆಲೆಗಳನ್ನು ಮಾಡಿದರು. ನೆಲಮಂಗಲದ ಕಡೆಯ ಸಿಲುವೆಪುರ ಅಂಥದ್ದೊಂದು. ಹಿಡಿ ಹಿಟ್ಟೆಂದರೆ ಏನೆಂದು ಆ ನೆಲಕ್ಕೆ ಗೊತ್ತು. ಅಲ್ಲಿಯ ಮಾತಿನಲ್ಲಿ ರಾಗಿ ಮುದ್ದೆಗೂ ಹಿಟ್ಟೆಂದೇ ಹೆಸರು. ಹಿಟ್ಟು ಉಂಡೆಯಾ ಎಂದರೆ ಊಟವಾಯಿತೇ ಎಂದರ್ಥ. ನಮಗೆ ಗಂಜಿ ಹೇಗೋ ಹಾಗೆ.

ಇಂದು ಬಿನ್ನಿ ಮಿಲ್ ಇಲ್ಲ. ಆ ಜಾಗದಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳೂ ಮಾಲೂ ಎದ್ದಿವೆ. ಸುತ್ತಲಿನ ಓಣಿಗಳಲ್ಲಿ ಮನೆಗೆಲಸದವರು, ಆಟೋ ಓಡಿಸುವವರು, ಮಾರ್ಕೆಟ್ಟಿನಲ್ಲಿ ಹೂವು ತರಕಾರಿ ಮಾರುವವರು, ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಬದುಕುತ್ತಾರೆ. 2020ರ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆದಾಗ ಇಂಥ ಮನೆಗಳ ದಿನಗೂಲಿ ಒಮ್ಮೆಲೇ ನಿಂತಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ಕೊಳವೆಬಾವಿಗಳು ಬತ್ತಿ ಜನ ಕೊಡ ಹಿಡಿದು ಟ್ಯಾಂಕರಿಗೆ ಕಾದರು. ಎಲೀಯ ಮೊದಲು ಕೇಳಿದ್ದು ನೀರು ಎಂಬ ಮಾತಿನ ಭಾರ ಅಂಥ ಬೇಸಿಗೆಯಲ್ಲಿ ತಿಳಿಯುತ್ತದೆ.

ಒಂದೇ ನಲ್ಲಿಯ ವಠಾರದಲ್ಲಿ ಬದುಕಿದವರಿಗೆ ಸರೆಪ್ತ ದೂರದ ಊರಲ್ಲ. ತಿಂಗಳ ಕೊನೆಯಲ್ಲಿ ಒಂದು ಲೋಟ ಅಕ್ಕಿ, ಒಂದು ಚಮಚ ಎಣ್ಣೆ ಪಕ್ಕದ ಮನೆಯಿಂದ ಬರುತ್ತದೆ. ಅದನ್ನು ಕೊಟ್ಟವರ ಡಬ್ಬಿಯೂ ತಳ ಕಂಡಿರುತ್ತದೆ. ಹೆರಿಗೆಯಾಗಲಿ ಸಾವಾಗಲಿ, ಮೊದಲು ತಲುಪುವ ಅನ್ನ ಸಾರು ನೆರೆಯವರದು. ಧರ್ಮಕೇಂದ್ರದ ನೆರವು ಬರುವುದು ಆಮೇಲೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ನಮ್ಮ ಕಡಲತೀರದ ಮನೆಗಳಲ್ಲೂ ಇದನ್ನೇ ಕಾಣುತ್ತೇವೆ. ಆದ್ದರಿಂದ ಬಡವರಿಗೆ ಔದಾರ್ಯವನ್ನು ಕಲಿಸಲು ಈ ಕಥೆ ಬೇಕಾಗಿಲ್ಲ. ಅವರು ಅದನ್ನು ಬಲ್ಲರು. ಈ ಕಥೆ ಕಲಿಸಬೇಕಾದದ್ದು ಅವರಿಂದ ಕೇಳುವವರಿಗೆ.

ಎರಡು ತಪ್ಪು ವ್ಯಾಖ್ಯಾನಗಳು

ಮೊದಲನೆಯದು: ದೇವರ ಸೇವಕನಿಗೆ ಮೊದಲು ಕೊಡು, ನಿನಗೆ ಹತ್ತರಷ್ಟು ಬರುತ್ತದೆ ಎಂಬುದು. ಟಿವಿ ಬೋಧಕರಲ್ಲಿ ಇದು ಸಾಮಾನ್ಯ. ನಮ್ಮ ಧ್ಯಾನಕೂಟಗಳ ಸಾಕ್ಷ್ಯಗಳಲ್ಲೂ ಕೆಲವೊಮ್ಮೆ ನುಸುಳುತ್ತದೆ. ಕೊಟ್ಟ ವಿಧವೆಗೆ ಬಂದದ್ದು ಸಂಪತ್ತಲ್ಲ, ದಿನದಿನದ ರೊಟ್ಟಿ. ಕೊಟ್ಟ ಮೇಲೂ ಮನೆಗೆ ಸಾವು ಬಂತು. ಕಾಣಿಕೆ ಕಷ್ಟಕ್ಕೆ ವಿಮೆಯಲ್ಲ. ಹೀಗೆ ಬೋಧಿಸಿದರೆ ಕೊಟ್ಟೂ ಕಷ್ಟಪಡುವ ತಾಯಿ ತನ್ನ ವಿಶ್ವಾಸವೇ ಸಾಲದೆಂದು ನೊಂದುಕೊಳ್ಳುತ್ತಾಳೆ. ಆ ಭಾರವನ್ನು ಎಲೀಯ ಆಕೆಯ ಮೇಲೆ ಹೊರಿಸಲಿಲ್ಲ; ನಾವೂ ಹೊರಿಸಬಾರದು.

ಎರಡನೆಯದು: ಬಡ ವಿಧವೆಯೇ ಕೊಟ್ಟಳು, ನೀವೇಕೆ ಕೊಡಬಾರದು ಎಂಬುದು. ಆ ಭಾನುವಾರದ ಶುಭಸಂದೇಶವನ್ನು ಪೂರ್ತಿ ಓದಬೇಕು. ವಿಧವೆಯ ಎರಡು ಕಾಸಿನ ಪ್ರಸಂಗಕ್ಕೆ ಸ್ವಲ್ಪ ಮೊದಲೇ ಯೇಸುಸ್ವಾಮಿ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳ ಬಗ್ಗೆ ಎಚ್ಚರಿಸುತ್ತಾರೆ (ಮಾರ್ಕ 12:38-40). ಆಕೆ ಹಾಕಿದ ಎರಡು ನಾಣ್ಯ ಒಂದು ದಿನದ ಕೂಲಿಯ 64ರಲ್ಲಿ ಒಂದು ಪಾಲು. ದಿನಕ್ಕೆ 640 ರೂಪಾಯಿ ಕೂಲಿ ಎಂದುಕೊಂಡರೆ 10 ರೂಪಾಯಿ. ಅದೇ ಆಕೆಯ ಜೀವನಾಧಾರ. ಆಕೆಯ ಮನಸ್ಸನ್ನು ಪ್ರಭು ಮೆಚ್ಚಿದರು. ಆಕೆಯಿಂದ ಅದನ್ನೂ ಪಡೆದುಕೊಂಡ ದೇವಾಲಯದ ಬಗ್ಗೆ ಮುಂದೆ ಹೇಳಿದ್ದು, ಕಲ್ಲಿನ ಮೇಲೆ ಕಲ್ಲು ಉಳಿಯದೆಂದು (ಮಾರ್ಕ 13:2). ಸರೆಪ್ತದ ವಿಧವೆಯನ್ನು ಅವರು ನಜರೇತಿನಲ್ಲಿ ನೆನೆದದ್ದೂ ಕಾಣಿಕೆ ಕೇಳಲು ಅಲ್ಲ. ದೇವರ ಕೃಪೆ ನಮ್ಮ ಗಡಿಯೊಳಗೆ ನಿಲ್ಲದೆಂದು ತೋರಿಸಲು (ಲೂಕ 4:25-26). ಅದಕ್ಕೆ ಊರವರು ಅವರನ್ನು ಬೆಟ್ಟದಿಂದ ತಳ್ಳಲು ಹೊರಟರು.

ಕೇಳುವ ಹಕ್ಕು ಯಾರಿಗಿದೆ?

ಹಾಗಾದರೆ ಬಡವರಿಂದ ಏನನ್ನೂ ಕೇಳಬಾರದೇ? ಹಾಗೆಂದರೂ ತಪ್ಪಾಗುತ್ತದೆ. ಬಡವಳೆಂದು ಎಲೀಯ ಆಕೆಯನ್ನು ದಾಟಿಹೋಗಿದ್ದರೆ ಆಕೆ ಸೌದೆ ಹೊತ್ತು ಮನೆಗೆ ಹೋಗಿ ಕೊನೆಯ ರೊಟ್ಟಿ ಸುಡುತ್ತಿದ್ದಳು. ಕೇಳುವುದರಲ್ಲಿ ಗೌರವವೂ ಇದೆ: ನಿನ್ನ ಕೈಯಿಂದಲೂ ಒಂದು ಜೀವ ಉಳಿಯುತ್ತದೆ ಎಂದು ಹೇಳಿದಂತೆ. ಮಿಜೋರಮಿನ ಕ್ರೈಸ್ತ ಮಹಿಳೆಯರು ಪ್ರತಿ ಅಡುಗೆಗೂ ಒಂದು ಹಿಡಿ ಅಕ್ಕಿಯನ್ನು ದೇವರ ಕೆಲಸಕ್ಕೆ ತೆಗೆದಿಡುವ 'ಬುಹ್‌ಫೈ ಥಾಮ್' ಎಂಬ ಪದ್ಧತಿ 1910ರಲ್ಲಿ ಆರಂಭವಾಯಿತು. ಅಲ್ಲಿ ಅಳತೆ ತಾಯಿಯ ಕೈಯದೇ. ದೊಡ್ಡ ಮನೆಗೂ ಸಣ್ಣ ಮನೆಗೂ ಒಂದೇ ಹಿಡಿ. ನಮ್ಮಲ್ಲಿ ಹಿಡಿ ಅಕ್ಕಿ ಎನ್ನುವುದೂ ಅದನ್ನೇ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಗಳಲ್ಲಿ ಜೋಳಿಗೆ ಹಿಡಿದು ಧಾನ್ಯ ತಂದರು. ಅದು ಬಡ ಮಕ್ಕಳ ಎಲೆಗೆ ಬಿತ್ತು. ಕೊಟ್ಟವನಿಗೆ ತನ್ನ ಹಿಡಿ ಎಲ್ಲಿಗೆ ಹೋಯಿತೆಂದು ಕಾಣುತ್ತಿತ್ತು.

ಈ ಕಥೆ ನಮಗೆ ಹೇಳುವುದು ಇಷ್ಟು: ಬಡವರ ಮಡಕೆಗೆ ಕೈ ಚಾಚುವವನು ಅದೇ ಮಡಕೆಯ ಮುಂದೆ ಕುಳಿತುಕೊಳ್ಳಲು ಸಿದ್ಧನಿರಬೇಕು.

ಧರ್ಮಕೇಂದ್ರಗಳಿಗೆ ಕೆಲವು ಅನ್ವಯಗಳು

1. ವಂತಿಗೆ ನಿಗದಿ ಮಾಡುವ ಮೊದಲು ಗುರಿಕಾರರು ವಾಳೆಯ ವಿಧವೆಯರ, ದಿನಗೂಲಿಯವರ, ಕಾಯಿಲೆಯವರಿರುವ ಮನೆಗಳನ್ನು ಪಟ್ಟಿ ಮಾಡಲಿ. ಆದಿ ಧರ್ಮಸಭೆಯಲ್ಲಿ ಪಟ್ಟಿಗೆ ಸೇರಿದ್ದು ನೆರವು ಪಡೆಯಬೇಕಾದ ವಿಧವೆಯರ ಹೆಸರು (1 ತಿಮೊಥೇಯ 5:3-16). ಊಟ ಹಂಚುವುದರಲ್ಲಿ ಕೆಲವು ವಿಧವೆಯರನ್ನು ಕಡೆಗಣಿಸಲಾಗಿದೆ ಎಂಬ ದೂರು ಬಂದಾಗ ಪ್ರೇಷಿತರು ಏಳು ಮಂದಿಯನ್ನು ನೇಮಿಸಿದರು (ಪ್ರೇಷಿತರ ಕಾರ್ಯಕಲಾಪಗಳು 6:1-6).

2. 1983ರ ಧರ್ಮಸಭಾ ಕಾನೂನು ಸಂಹಿತೆಯ 848ನೇ ವಿಧಿಯಂತೆ ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರಗಳು ತಪ್ಪಬಾರದು. ಕಾಣಿಕೆ ಇಲ್ಲದಿದ್ದರೂ ಜನರ, ವಿಶೇಷವಾಗಿ ಬಡವರ, ಕೋರಿಕೆಗಾಗಿ ಬಲಿಪೂಜೆ ಅರ್ಪಿಸಬೇಕೆಂದು 945ನೇ ವಿಧಿ ಗುರುಗಳಿಗೆ ಒತ್ತಾಯದಿಂದ ಸೂಚಿಸುತ್ತದೆ. ಬಾಕಿ ವಂತಿಗೆಯ ನೆಪದಲ್ಲಿ ಮದುವೆ, ಶವಸಂಸ್ಕಾರದ ಕಾಗದಪತ್ರಗಳನ್ನು ತಡೆಹಿಡಿಯುವುದು ಈ ಮನೋಭಾವಕ್ಕೆ ಒಪ್ಪುವುದಿಲ್ಲ.

3. ಕೊಟ್ಟವರ ಹೆಸರು, ಮೊತ್ತಗಳನ್ನು ಬಲಿಪೂಜೆಯ ಕೊನೆಯಲ್ಲಿ ಓದುವ ಬದಲು ಹಣ ಹೋದ ದಾರಿಯನ್ನು ಓದೋಣ. 10 ರೂಪಾಯಿ ಹಾಕಿದವಳಿಗೂ ಲೆಕ್ಕ ತಿಳಿಯುವ ಹಕ್ಕಿದೆ.

4. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಮನೆ ಭೇಟಿಗೆ ಹೋದಾಗ ಆ ಮನೆಯಲ್ಲಿ ಕೊಡುವ ಚಹಾವನ್ನು ಬೇಡವೆನ್ನದೆ ಕುಡಿಯಲಿ. ಎಲೀಯ ಪಡೆದುಕೊಂಡ, ಪಡೆದುಕೊಂಡದ್ದರಿಂದಲೇ ಆಕೆಯ ಮನೆಯವನಾದ.

5. ದಿವಂಗತ ಪೋಪ್ ಫ್ರಾನ್ಸಿಸ್ ಸ್ಥಾಪಿಸಿದ ವಿಶ್ವ ಬಡವರ ದಿನ, 2017ರಿಂದ ಸಾಧಾರಣ ಕಾಲದ 33ನೇ ಭಾನುವಾರ ಆಚರಣೆಯಲ್ಲಿದೆ. 'ಬಿ' ವರ್ಷದಲ್ಲಿ ಅದು ಈ ವಾಚನದ ಮರುವಾರವೇ ಬರುತ್ತದೆ. ಒಂದು ವಾರ ವಿಧವೆಯ ಔದಾರ್ಯವನ್ನು ಹೊಗಳಿದ ಧರ್ಮಕೇಂದ್ರ ಮರುವಾರ ಆಕೆಯ ಮನೆಬಾಗಿಲಿಗೆ ಹೋಗಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಸರೆಪ್ತದ ವಿಧವೆಯ ಹೆಸರನ್ನು ಗ್ರಂಥ ಉಳಿಸಿಲ್ಲ. ಅವಳ ಮಡಕೆಯನ್ನು ಉಳಿಸಿದೆ. ಬಿನ್ನಿಪೇಟೆಯ ಓಣಿಯಲ್ಲೂ ಮಲ್ಪೆಯ ತೀರದಲ್ಲೂ ಅಂಥ ಮಡಕೆಗಳಿವೆ. ಅವು ಬರಿದಾಗದಂತೆ ನೋಡಿಕೊಳ್ಳುವ ಹೊಣೆ, ಅವುಗಳಿಂದ ಉಂಡ ನಮ್ಮೆಲ್ಲರದು.